ಏಳನೆಯ ಪ್ರಶ್ನೆಗೆ ಕೊಟ್ಟ ಉತ್ತರ

ಆಟಲ್‌ಬರೊ, ಮ್ಯಾಸಚೂಸೆಟ್ಸ್
ಸೋಮವಾರ, 6 ಮಾರ್ಚ್ 1995

ಮುದ್ದಿನ ಮಗಳು ಜಿನೆಟ್‌ಗೆ,

ಹೇಗಿದ್ದೀಯಾ? ಮೊಣಕಾಲಿನ ನೋವು ಇಳಿಯಿತೇ? ಕ್ಲೀವ್‌ಲ್ಯಾಂಡಿನಲ್ಲಿ ಮತ್ತೆ ಹಿಮ ಬಿದ್ದಿದೆಯೆಂದು ಟೀವಿಯಲ್ಲಿ ತೋರಿಸಿದರು. ಮೆಟ್ಟಿಲಿನ ಹಿಮ ಕರಗಲು ಉಪ್ಪು ಸುರಿಯದೆ ಹೊರಗೆ ಕಾಲಿಡಬೇಡ, ನಿನಗೂ ನಲವತ್ತೊಂಬತ್ತು ಆಯಿತು, ನೆನಪಿರಲಿ. ಅಳಿಯಂದಿರ ರಕ್ತದೊತ್ತಡ ಹೇಗಿದೆ? ಡಾನಾ ಮದುವೆಯ ಗಡಿಬಿಡಿಯಲ್ಲಿ ಊಟ ಬಿಡುತ್ತಿಲ್ಲ ತಾನೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಕೆಳಗಿನ ಮನೆಯ ನಿನ್ನ ಬ್ಲಾಂಚ್ ದೊಡ್ಡಮ್ಮ ಈಸ್ಟರ್ ಉಪವಾಸಕ್ಕೆಂದು ಸಿಹಿ ಬಿಟ್ಟಿದ್ದಾಳೆ. ಬಿಟ್ಟವಳು ಬೆಳಗಿನಿಂದ ಸಂಜೆಯವರೆಗೆ ಕೆಮ್ಮಿನ ಗುಳಿಗೆ ಚೀಪುತ್ತಾಳೆ. ಕೆಮ್ಮೇ ಇಲ್ಲವಲ್ಲ ಎಂದರೆ, ಬರಬಾರದು ಅಂತಲೇ ಚೀಪುತ್ತಿರೋದು ಎನ್ನುತ್ತಾಳೆ.

ನಿನ್ನ ಕಾಗದ ಗುರುವಾರ ಬಂತು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ಮೂರು ಸಲ ನಿನ್ನ ನಂಬರು ಒತ್ತಿ ಇಟ್ಟುಬಿಟ್ಟೆ. ನಿಮ್ಮ ಮನೆಯ ಫೋನು ಒಂದೇ ಸಲ ಬಡಿದು ನಿಂತಿದ್ದರೆ ಅದು ನಾನೇ. ಫೋನಿನಲ್ಲಿ ಮಾತಾಡಿದರೆ ನೀನು "ಅಮ್ಮಾ, ಮೊದಲು ವಿಷಯಕ್ಕೆ ಬಾ" ಅನ್ನುತ್ತೀ. ವಿಷಯಕ್ಕೆ ಬರುವುದೇ ನನಗೆ ಆಗದ ಕೆಲಸ, ಅದಕ್ಕೇ ಕಾಗದ.

ನೀನು ಕೇಳಿರುವುದು ಎರಡು. ಒಂದು, ಹಳೆಯ ಕಾರ್ಯಕ್ರಮಗಳನ್ನು ಮತ್ತೆ ಹಾಕುವ ಆ ಕೇಬಲ್ ಚಾನೆಲಿನವರು "ಹೌದೋ ಅಲ್ಲವೋ" ಆಟದ ಕಂತುಗಳನ್ನು ವರ್ಷದ ಪ್ರಕಾರ ತೋರಿಸುತ್ತ 1957ಕ್ಕೆ ಬಂದಿದ್ದಾರೆ, ನಾನು ಹೋಗಿದ್ದ ಕಂತು ಹತ್ತೊಂಬತ್ತನೇ ತಾರೀಕು ಭಾನುವಾರ ಸಂಜೆ ಬರುತ್ತದೆ. ಅವರ ಕಚೇರಿಗೇ ಫೋನು ಮಾಡಿ ವಿಚಾರಿಸಿದೆಯಂತೆ, ಹಟ ಹಿಡಿದರೆ ನೀನು ಬಿಡುವವಳಲ್ಲ. ಅಂದು ಬೀಗರನ್ನು ಊಟಕ್ಕೆ ಕರೆದಿದ್ದೀ, ಎಲ್ಲರೂ ಕೂತು ನೋಡುವುದು, ಟೇಪಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಆ ಜಾಗ ಬಂದಾಗ ನಿಲ್ಲಿಸಿ ತೋರಿಸುವುದು. "ನಮ್ಮಮ್ಮ ಇಡೀ ಅಮೆರಿಕದ ಮುಂದೆ ಮೋಸ ಮಾಡಿ ಗೆದ್ದ ಜಾಗ ಇದು ಅಂತ ಹೇಳಿದರೆ ಬೀಗರು ನಕ್ಕೂ ನಕ್ಕೂ ಸಾಯಬೇಕು" ಎಂದು ಬರೆದಿದ್ದೀ. ಎರಡನೆಯದು, ಡಾನಾ ಜೂನ್‌ನಲ್ಲಿ ಮದುವೆಗೆ ಅಜ್ಜಿಯ ಉಂಗುರವೇ ಬೇಕು ಅನ್ನುತ್ತಿದ್ದಾಳೆ, ಯುದ್ಧಕ್ಕೆ ಹೊರಟು ಹಡಗಿನಲ್ಲಿ ಸತ್ತ ಅಜ್ಜ ರೇಮಂಡ್ ತೊಡಿಸಿದ ಉಂಗುರ, ಅವಳ ಬೆರಳಿಗೆ ಸಣ್ಣದು ಮಾಡಿಸಬೇಕು, ಬೇಗ ಕಳಿಸು ಎಂದು.

ಜಿನೆಟ್, ಬೀಗರನ್ನು ಊಟಕ್ಕೆ ಕರೆ, ಬೇಡ ಅನ್ನುವುದಿಲ್ಲ. ಆದರೆ ಅವರ ಮುಂದೆ ಆ ಕಂತು ಹಾಕಬೇಡ. ಹಾಕಿದರೂ ಆ ಜಾಗದಲ್ಲಿ ನಿಲ್ಲಿಸಬೇಡ. ಯಾಕೆ ಅಂತ ಈ ಕಾಗದ ಮುಗಿಯುವಷ್ಟರಲ್ಲಿ ಹೇಳುತ್ತೇನೆ, ಹೇಳಲೇಬೇಕು ಎಂದುಕೊಂಡೇ ಕೂತಿದ್ದೇನೆ. ನಿನ್ನ ಕಣ್ಣಿನಲ್ಲಿ ನಾನು ಏನಾಗಿ ಉಳಿಯುತ್ತೇನೋ ಎನ್ನುವುದೊಂದೇ ನನ್ನ ಭಯ. ಬೀಗರು ಏನಾದರೂ ಅಂದುಕೊಳ್ಳಲಿ, ಅವರಿಗೆ ನಾನು ಯಾರು?

ನಾವಿಬ್ಬರೂ ಆ ಚಾನೆಲನ್ನು ದಿನಾ ನಾಲ್ಕು ಗಂಟೆಗೆ ನೋಡುತ್ತೇವೆ. ಬ್ಲಾಂಚ್ ಮೇಲೆ ಹತ್ತಿ ಬರುತ್ತಾಳೆ, ಸೊಂಟ ಹಿಡಿದುಕೊಂಡು, ಮೆಟ್ಟಿಲಿಗೊಂದು ಬೈಗುಳ. ಹಳೆಯ ಕಪ್ಪುಬಿಳುಪು ಚಿತ್ರ, ಮೂಲೆಯಲ್ಲಿ ಮಳೆ ಬಂದ ಹಾಗೆ ಗೆರೆಗಳು. ಆದರೂ ಎಷ್ಟು ಚೆನ್ನಾಗಿತ್ತು ಕಣೇ ಅದು. ಈಗಿನ ಆಟಗಳಲ್ಲಿ ಚಕ್ರ ತಿರುಗುತ್ತದೆ, ಗಂಟೆ ಬಡಿಯುತ್ತದೆ, ಜನ ಕುಣಿದು ಕಿರುಚುತ್ತಾರೆ. ಅಲ್ಲಿ ನಾಲ್ಕು ಜನ ಓದಿ ತಿಳಿದವರು ಒಂದು ಉದ್ದ ಮೇಜಿನ ಹಿಂದೆ, ಹೆಂಗಸರು ಮುತ್ತಿನ ಸರ ಹಾಕಿಕೊಂಡು, ಗಂಡಸರು ಕಪ್ಪು ಕೋಟಿನಲ್ಲಿ. ಎದುರಿಗೆ ಕೂತವನು ಕೋಳಿ ಪುಕ್ಕ ಕೀಳುವವನಾದರೂ ಸರಿ, ಬಾಯಿಗೆ ಮೊದಲು "ಕ್ಷಮಿಸಿ, ಒಂದು ಪ್ರಶ್ನೆ" ಎಂದೇ ಬರುತ್ತಿತ್ತು. ಆಟ ಮುಗಿಸಿ ಹೋಗುವವನಿಗೆ ಎದ್ದು ನಿಂತು ಕೈಕುಲುಕುತ್ತಿದ್ದರು. ನಮ್ಮಂಥವರು ಮಾಡುವ ಕೆಲಸ ಏನೆಂದು ತಿಳಿಯಲು ಅಂಥವರು ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರಲ್ಲ, ಅದಕ್ಕೇ ನನಗೆ ಆ ಆಟದ ಮೇಲೆ ಪ್ರೀತಿ. ಬ್ಲಾಂಚ್‌ಗೆ ಮಾತ್ರ ಬೇರೆಯೇ ಲೆಕ್ಕ. ಒಬ್ಬೊಬ್ಬರ ಮುಖ ಬಂದಾಗಲೂ "ಇವನೂ ಹೋದ, ಇವಳೂ ಹೋದಳು" ಎಂದು ಸ್ಮಶಾನದ ಕಾವಲುಗಾರನ ಹಾಗೆ ಎಣಿಸುತ್ತಾಳೆ. ಮೊನ್ನೆ ನಿನ್ನ ಕಾಗದ ಓದಿ ಹೇಳಿದಾಗ ಗುಳಿಗೆಯನ್ನು ಕೆನ್ನೆಯ ಆ ಕಡೆಗೆ ತಳ್ಳಿದಳು. ಆಮೇಲೆ ಅಂದಳು, "ಎಲ್ಲ ಸತ್ತರು. ಬಾಯಿಬಿಡೋಕೆ ಉಳಿದಿರೋಳು ನೀನೊಬ್ಬಳೇ."

ನಮ್ಮ ಮನೆಯ ಭಾನುವಾರದ ಆಟ ನಿನಗೆ ನೆನಪಿದೆಯಲ್ಲ. ಇದೇ ಅಡುಗೆಮನೆ. ಮಾಂಸದ ಪೈ ತಿಂದು ಮುಗಿಸಿ, ಬ್ಲಾಂಚ್ ಮೇಜಿನ ತಲೆಯಲ್ಲಿ ಕೂತು ನಿರೂಪಕಿಯಾಗುವುದು, ಮೊಟ್ಟೆ ಬೇಯಿಸುವ ಗಡಿಯಾರಕ್ಕೆ ಕೀಲಿ ಕೊಡುವುದು. ನೀನು ನನ್ನ ತಲೆವಸ್ತ್ರವನ್ನು ಕಣ್ಣಿಗೆ ಕಟ್ಟಿಕೊಂಡು ಕೂರುತ್ತಿದ್ದೆ. ಹೌದು ಅಥವಾ ಅಲ್ಲ, ಅಷ್ಟೇ. ಹತ್ತು ಸಲ ಅಲ್ಲ ಎಂದರೆ ಕೇಳುವವರು ಸೋತರು. ಸುಳ್ಳು ಉತ್ತರ ಹೇಳಿ ಸಿಕ್ಕಿಬಿದ್ದವರು ವಾರವಿಡೀ ಪಾತ್ರೆ ತೊಳೆಯಬೇಕು. ಆ ನಿಯಮ ಮಾಡಿದವಳು ನೀನೇ, ಒಂಬತ್ತು ವರ್ಷದವಳು. ಒಮ್ಮೆ ಬ್ಲಾಂಚ್ "ಅದು ಹಸಿರು ಬಣ್ಣದ್ದಾ" ಎಂಬುದಕ್ಕೆ ಬೇಕಂತಲೇ ಅಲ್ಲ ಎಂದಳು. ದೊಡ್ಡಮ್ಮ ಎಂದೂ ನೋಡದೆ ಏಳು ದಿನವೂ ಅವಳಿಂದ ಪಾತ್ರೆ ತೊಳೆಸಿದೆ, ಸ್ಟೂಲಿನ ಮೇಲೆ ನಿಂತು ಕಾವಲು ಬೇರೆ. ಈ ಹುಡುಗಿ ಮುಂದೆ ಜಡ್ಜೇ ಆಗುತ್ತಾಳೆ ಎಂದು ನಾವು ನಗುತ್ತಿದ್ದೆವು. ನನಗೆ ಒಳಗೊಳಗೇ ಹೆದರಿಕೆಯೂ ಆಗುತ್ತಿತ್ತು.

ನನ್ನನ್ನು ಟೀವಿಯ ಆಟಕ್ಕೆ ಕಳಿಸಿದವಳೂ ನೀನೇ. ಗೆರೆ ಹಾಕಿದ ಹಾಳೆಯಲ್ಲಿ ದುಂಡಗೆ ಬರೆದು ಅವರಿಗೆ ಕಾಗದ ಹಾಕಿದೆ. ನಮ್ಮಮ್ಮ ದಿನಕ್ಕೆ ಆರುನೂರು ಮದುವೆ ಉಂಗುರ ನೋಡುತ್ತಾಳೆ, ಕೊನೆಯ ಹೊಳಪು ಕೊಟ್ಟು, ಸರಿಯಿದ್ದದ್ದನ್ನು ಪೆಟ್ಟಿಗೆಗೆ ಹಾಕಿ, ಕಲೆಯಿದ್ದದ್ದನ್ನು ಕರಗಿಸಲು ಕಳಿಸುತ್ತಾಳೆ, ಇದನ್ನು ಯಾರೂ ಊಹಿಸಲಾರರು ಎಂದು. ನನಗೆ ಹೇಳಲೇ ಇಲ್ಲ. ನ್ಯೂಯಾರ್ಕಿನಿಂದ ರೈಲು ಟಿಕೆಟ್ಟಿನ ಸಮೇತ ಉತ್ತರ ಬಂದಾಗ ನಮ್ಮ ಉಂಗುರದ ಕಾರ್ಖಾನೆಯೇ ಕುಣಿಯಿತು. ನಮ್ಮ ಮೇಸ್ತ್ರಿ ಲಿಂಡ್‌ಕ್ವಿಸ್ಟ್ ಸಾಹೇಬರು, ವರ್ಷಕ್ಕೆ ಎರಡು ಸಲ ನಗುವವರು, ಅಂದು ಮೂರನೇ ಸಲ ನಕ್ಕರು. ನಾನು ಬೇಡವೇ ಬೇಡ ಎಂದೆ. ನೀನು ಅತ್ತೆ. ಅದಕ್ಕೇ ನಾನು ಹೋದೆ.

ಅಲ್ಲಿ ವೇದಿಕೆಯ ಹಿಂದೆ ಪಟ್ಟಿ ಹಿಡಿದ ಒಬ್ಬ ಹುಡುಗಿ, ಚೂಟಿ, ನನ್ನ ಕೈ ನೋಡಿದವಳೇ, "ಬೆರಳಲ್ಲಿರೋದನ್ನ ತೆಗೆದಿಡಿ ಮೇಡಂ, ಸುಳಿವು ಕೊಟ್ಟ ಹಾಗಾಗುತ್ತೆ" ಎಂದಳು. ಬಡಗಿ ಬಂದರೆ ಕಿವಿಯ ಮೇಲಿನ ಪೆನ್ಸಿಲು ತೆಗೆಸುತ್ತಿದ್ದರಂತೆ, ಬೇಕರಿಯವನು ಬಂದರೆ ಉಗುರಿನ ಹಿಟ್ಟು ತೊಳೆಸುತ್ತಿದ್ದರಂತೆ. ಹನ್ನೊಂದು ವರ್ಷದಿಂದ ತೆಗೆಯದ ಉಂಗುರ. ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು, ಲಕೋಟೆಗೆ ಹಾಕಿ ನನ್ನ ಹೆಸರು ಬರೆದಿಟ್ಟಳು. ಬೆರಳಿನ ಬುಡದಲ್ಲಿ ಬಿಳಿಯ ಪಟ್ಟಿ ಉಳಿಯಿತು. ಅದರ ಮೇಲೂ ಪೌಡರು ಬಳಿದಳು. ಆಮೇಲೆ ಒಂದು ಕಾಗದಕ್ಕೆ ಸಹಿ: ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳುತ್ತೇನೆ, ಸುಳ್ಳು ಉತ್ತರ ಹೇಳಿದರೆ ಆಟದಿಂದ ಹೊರಗೆ ಎಂದು. ಸಹಿ ಹಾಕುವ ಮೊದಲು ಅದನ್ನು ಎರಡು ಸಲ ಓದಿದೆ. ನನಗೆ ಓದು ನಿಧಾನ ಎಂದುಕೊಂಡರು.

ಕಪ್ಪು ಹಲಗೆಯ ಮೇಲೆ ಹೆಸರು ಬರೆದೆ, ಓಡೀಲ್ ಪೊಯಿಯರ್. ನಿರೂಪಕ ಹಾರ್ಗ್ರೋವ್ ಸಾಹೇಬರು ಕುರ್ಚಿ ಎಳೆದುಕೊಟ್ಟು, ಯಾವ ಹೆಂಗಸು ಬಂದರೂ ಕೇಳುವ ಹಾಗೆ ನನ್ನನ್ನೂ ಕೇಳಿದರು, "ಮಿಸ್ ಅನ್ನಲಾ, ಮಿಸೆಸ್ ಅನ್ನಲಾ?" ಎಷ್ಟು ಭಾನುವಾರ ಈ ಪ್ರಶ್ನೆ ಕೇಳಿದ್ದೆ, ಆದರೆ ಅದು ನನಗೂ ಬರುತ್ತದೆ ಎಂದು ಹೊಳೆದೇ ಇರಲಿಲ್ಲ ನೋಡು. ಬೋಳು ಬೆರಳು ಮೇಜಿನ ಮೇಲಿತ್ತು. "ಮಿಸ್" ಎಂದೆ. ಆಮೇಲಿನ ಕಥೆ ನಿನಗೆ ಬಾಯಿಪಾಠ. ಮೊದಲ ಪ್ರಶ್ನೆ ಅಡುಗೆ ಪುಸ್ತಕ ಬರೆಯುವಾಕೆಯದು, ನಿಮ್ಮ ಕೆಲಸದಲ್ಲಿ ಕೈಗೆ ಬರುವುದು ಮನೆಯಲ್ಲಿರುವ ವಸ್ತುವೇ ಎಂದು. ಹೌದು. ಗಂಡಸರೂ ಹೆಂಗಸರೂ ಬಳಸುತ್ತಾರೆಯೇ? ಹೌದು. ರೇಡಿಯೋ ಹಾಸ್ಯಗಾರ, ಇದರಿಂದ ಜನಕ್ಕೆ ಸುಖ ಸಿಗುತ್ತದೆಯೇ ಎಂದ. ನಾನು ಹಾರ್ಗ್ರೋವ್ ಸಾಹೇಬರ ಕಿವಿಯಲ್ಲಿ ಏನು ಹೇಳಲಿ ಎಂದು ಕೇಳಿದೆ, ಅವರು "ಕೆಲವರಿಗೆ, ಕೆಲವು ಕಾಲ" ಎಂದರು. ಸಭೆ ನಕ್ಕಿತು. ತಿನ್ನುವಂಥದ್ದೇ? ಅಲ್ಲ. ವಿದ್ಯುತ್ತಿನಿಂದ ನಡೆಯುತ್ತದೆಯೇ? ಅಲ್ಲ. ಉದ್ದ ಕೈಗವಸಿನ ಆ ನಟಿ, ನಾಲ್ಕು ಮದುವೆ ಆದಾಕೆ, ಪಾಪ ಏನೂ ಅರಿಯದೆ, ತನ್ನ ಬಳಿ ಇದು ಒಂದಕ್ಕಿಂತ ಹೆಚ್ಚು ಇರಬಹುದೇ ಎಂದಳು. ನಾನು ಹೌದು ಎಂದದ್ದೇ ತಡ, ಉತ್ತರ ಗೊತ್ತಿದ್ದ ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗು ಇಳಿಯುವ ಮೊದಲೇ ಏಳನೆಯ ಪ್ರಶ್ನೆ, ಪ್ರೊಫೆಸರರದು. ಅವರು ನಗುವವರಲ್ಲ. ಕನ್ನಡಕ ತೆಗೆದು ಒರೆಸಿ, ಮೆತ್ತಗೆ ಕೇಳಿದರು, "ಮಿಸ್ ಪೊಯಿಯರ್, ಇದನ್ನು ಯಾರಾದರೂ ಯಾವಾಗಲಾದರೂ ನಿಮಗೆ ಕೊಟ್ಟದ್ದುಂಟೇ?"

ನಾನು "ಇಲ್ಲ" ಎಂದೆ. ಆಭರಣದ ಹತ್ತಿರವೇ ಸುಳಿಯುತ್ತಿದ್ದ ಮನುಷ್ಯ ಆ ಒಂದು ಉತ್ತರದಿಂದ ದಾರಿ ತಪ್ಪಿ ಛತ್ರಿ, ಪಿಯಾನೊ ಎಂದೆಲ್ಲ ಅಲೆದು, ಹತ್ತು "ಅಲ್ಲ" ಮುಗಿದು, ನಾನು ಗೆದ್ದೆ. ನೀನು ನಿಲ್ಲಿಸಿ ತೋರಿಸಬೇಕೆಂದಿರುವ ಜಾಗ ಇದೇ. ಅಂದು ಟೀವಿ ಮುಂದೆ ನಿಮಿಷದಲ್ಲಿ ಹಾದುಹೋಯಿತು, ನಗುವಿನಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಈಗ ನಿನ್ನ ಕೈಯಲ್ಲಿ ಗುಂಡಿಯಿದೆ, ಹಿಂದಕ್ಕೆ ಮುಂದಕ್ಕೆ ಓಡಿಸಬಹುದು. ಆಗಿನ ನನ್ನ ಮುಖ ಹೇಗಿತ್ತೋ ನನಗೇ ಗೊತ್ತಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗೆ ನಾಲ್ಕು ದಿನದಿಂದ ಕನ್ನಡಿಯ ಮುಂದೆ ನಿಂತು "ಇಲ್ಲ, ಇಲ್ಲ" ಎಂದು ಹೇಳಿ ನೋಡಿಕೊಳ್ಳುತ್ತಿದ್ದೇನೆ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಇದೊಂದು ಹುಚ್ಚು.

ಊರಿಗೆ ಬಂದಾಗ ಎಲ್ಲರೂ ಬೆನ್ನು ತಟ್ಟಿದರು. ಉಂಗುರ ಬಿಚ್ಚಿಟ್ಟು, ಮಿಸ್ ಎಂದು ಹೇಳಿ, ಆ ಬುದ್ಧಿವಂತರಿಗೆಲ್ಲ ಚೆನ್ನಾಗಿ ಟೋಪಿ ಹಾಕಿದೆ ಎಂದರು. ಪಾದ್ರಿಗಳೂ ಚರ್ಚಿನ ಬಾಗಿಲಲ್ಲಿ "ಆಟದಲ್ಲಿ ಆಡಿದ್ದು ಪಾಪವಲ್ಲ, ಮಿಸೆಸ್ ಪೊಯಿಯರ್" ಎಂದು ಕಣ್ಣು ಮಿಟುಕಿಸಿದರು. ನಗದೆ ಇದ್ದವಳು ನೀನೊಬ್ಬಳೇ. ರೈಲ್ವೆ ನಿಲ್ದಾಣದಲ್ಲಿ, ನೀಲಿ ಕೋಟು, ಕೆಂಪಾದ ಮೂಗು, ಅಪ್ಪಿಕೊಳ್ಳಲು ಹೋದರೆ ಹಿಂದಕ್ಕೆ ಸರಿದೆ. "ಅಪ್ಪ ಕೊಟ್ಟಿದ್ದರಲ್ಲ ನಿನಗೆ. ಯಾಕಮ್ಮಾ ಇಲ್ಲ ಅಂದೆ? ಸುಳ್ಳು ಹೇಳಿದೆಯಾ?" ಎಂದು ಕೇಳಿದೆ. ನಾನು ಏನೆಂದೆ ನೆನಪಿದೆಯೇ? "ಹೌದು ಪುಟ್ಟಿ, ಗೆಲ್ಲಬೇಕು ಅಂತ ಹೇಳಿಬಿಟ್ಟೆ" ಎಂದೆ. ಬಹುಮಾನವಾಗಿ ಕೊಟ್ಟ ಮಿಕ್ಸರನ್ನು ನೀನು ಮುಟ್ಟಲೇ ಇಲ್ಲ. ನಿನ್ನ ಹನ್ನೆರಡನೇ ಹುಟ್ಟುಹಬ್ಬಕ್ಕೆ ಅದರಲ್ಲೇ ಹಿಟ್ಟು ಕಲಸಿ ಮೂರು ಪದರದ ಕೇಕು ಮಾಡಿದೆ, ನೀನು ತುಂಬ ಇಷ್ಟಪಡುವ ಮೇಪಲ್ ಪಾಕದ್ದು. ನೀನು ಕೇಕಿನ ಮುಂದೆ ಕೂತು ಮೋಂಬತ್ತಿ ಊದಿದೆ. ಒಂದು ತುಂಡೂ ಬಾಯಿಗಿಡಲಿಲ್ಲ. "ಮೋಸದ ಕೇಕು" ಎಂದೆ. ನಾನು ಸ್ನಾನದ ಮನೆಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ಮುಂದೆ ನೀನು ದೊಡ್ಡವಳಾದ ಮೇಲೆ ಅದು ನಗುವ ಕಥೆಯಾಯಿತು, ನಿನ್ನ ಮದುವೆಯಲ್ಲೂ ಹೇಳಿದೆ. ನಾನೂ ನಕ್ಕೆ. ನೀನು ಹೇಳಿದಷ್ಟು ಸಲವೂ ನಕ್ಕಿದ್ದೇನೆ.

ಇನ್ನು ಉಂಗುರ. ಕಳಿಸಲೋ ಬೇಡವೋ ಎಂದು ಇದನ್ನು ಬರೆಯುವ ಹೊತ್ತಿಗೂ ನನಗೆ ತೀರ್ಮಾನವಾಗಿಲ್ಲ. ಡಾನಾ ಕೇಳಿದಳು ಎಂದು ಓದಿದಾಗ ಸಂತೋಷವಾಗಲಿಲ್ಲ ಎಂದಲ್ಲ, ಆ ಮಗುವಿಗೆ ಅಜ್ಜಿಯ ಮೇಲೆ ಅಷ್ಟು ಪ್ರೀತಿ. ಆದರೆ ಸಣ್ಣದು ಮಾಡುವ ಅಕ್ಕಸಾಲಿಗ ಮೊದಲು ಮಾಡುವುದೇ ಭೂತಗನ್ನಡಿ ಹಿಡಿದು ಒಳಭಾಗ ನೋಡುವ ಕೆಲಸ. ಈ ಕಸುಬಿನಲ್ಲಿ ಮೂವತ್ತು ವರ್ಷ ಕಳೆದವಳಿಗೆ ಅದು ಗೊತ್ತಿಲ್ಲವೇ? ನೋಡಿದವನು ನಿನಗೊಂದು ಮಾತು ಹೇಳುತ್ತಾನೆ. ಅದನ್ನು ಅವನ ಬಾಯಿಂದ ನೀನು ಕೇಳಬಾರದು.

ಬ್ಲಾಂಚ್‌ಳ ಸಲಹೆ ಏನೆಂದರೆ ಉಂಗುರ ಚರಂಡಿಯಲ್ಲಿ ಬಿತ್ತು ಎಂದು ಹೇಳಿಬಿಡು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು. "ನಲವತ್ತೊಂಬತ್ತು ವರ್ಷ ನಾನೂ ನಿನ್ನ ಜೊತೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀನಿ ಕಣೇ ಓಡೀಲ್, ಈಗ ಬೀಗರ ಊಟಕ್ಕೆ ಅದನ್ನ ತೆಗೀತೀಯಾ?" ಎಂದು ರೇಗಿದಳು. ಆಮೇಲೆ ಕೆಳಗೆ ಹೋದವಳು ಮತ್ತೆ ಹತ್ತಿ ಬಂದಳು, ಆ ಸೊಂಟದಲ್ಲಿ. ನನ್ನ ಮುಂದೆ ಅಂಚೆಚೀಟಿ ಇಟ್ಟಳು.

ಮತ್ತೇನು ಬರೆಯಲಿ. ಡಾನಾಳ ಉಡುಪಿಗೆ ಲೇಸು ಹೆಣೆಯುತ್ತಿದ್ದೇನೆ, ಕುತ್ತಿಗೆಯ ಅಳತೆ ಕಳಿಸು. ಅಳಿಯಂದಿರಿಗೆ ಉಪ್ಪು ಕಡಿಮೆ ಮಾಡು, ಮೆಟ್ಟಿಲಿಗೆ ಹೆಚ್ಚು ಹಾಕು. ಮದುವೆಯ ಹುಡುಗ ನೋಡಲು ಸಾಧು, ಮಾತು ಕಡಿಮೆ, ನನಗೆ ಹಿಡಿಸಿದ್ದಾನೆ. ದೇವಮಾತೆ ನಿಮ್ಮೆಲ್ಲರ ತಲೆ ಕಾಯಲಿ. ಡಾನಾಳ ಹಣೆಗೆ ನನ್ನದೊಂದು ಮುತ್ತು, ನಿನ್ನ ಹಣೆಗೆ ಎರಡು, ನೀನು ಬೇಡ ಎಂದು ಒರೆಸಿಕೊಂಡರೂ ಸರಿ.

ಎಂದೆಂದೂ ನಿನ್ನ
ಅಮ್ಮ, ಓಡೀಲ್

ತಾ.ಕ.: ಅಂಚೆಯ ರಾಯ್ ಎದುರು ಬೀದಿಗೆ ಬಂದಾಗಿದೆ, ಗೀಚುತ್ತಿದ್ದೇನೆ. ನೋಡು, ಇಷ್ಟೆಲ್ಲ ಬರೆದೂ ಬರೆಯಲೇ ಇಲ್ಲ. ರೇಮಂಡ್ ಪೊಯಿಯರ್ ಎನ್ನುವವನು ಇರಲೇ ಇಲ್ಲ ಜಿನೆಟ್. ಯಾವ ಹಡಗಿನಲ್ಲೂ ಯಾರೂ ಸಾಯಲಿಲ್ಲ. ಪೊಯಿಯರ್ ಎನ್ನುವುದು ನಾನು ನಿನ್ನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೇನ್ ರಾಜ್ಯದಿಂದ ಬ್ಲಾಂಚ್‌ಳ ಹತ್ತಿರ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡ ಬೇಕರಿಯ ಹೆಸರು. ನಿನ್ನ ಅಪ್ಪ ಅಲ್ಲಿ ಹಡಗು ಕಟ್ಟುವ ಕಾರ್ಖಾನೆಯಲ್ಲಿ ನನ್ನ ಮೇಲಿನ ಅಧಿಕಾರಿ, ಅವರಿಗೆ ಹೆಂಡತಿಯಿದ್ದಳು, ಅದು ನನಗೆ ಗೊತ್ತಿತ್ತು. ಅವರ ಹೆಸರು ಬೇಕೆನಿಸಿದರೆ ಕೇಳು, ಹೌದು ಅಲ್ಲ ಎಂದು ಆಡಿಸುವುದಿಲ್ಲ, ಪೂರ್ತಿ ಹೇಳುತ್ತೇನೆ. ಇಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಕೈಯಲ್ಲಿದ್ದದ್ದು ಹಿತ್ತಾಳೆಯದು, ಬೆರಳು ಹಸಿರಾಗಿತ್ತು. ಉಂಗುರ ಮಾಡುವವರ ನಡುವೆ ಅದನ್ನು ಎಷ್ಟು ದಿನ ಮುಚ್ಚಲಿ? ಕರಗಿಸಲು ಇಟ್ಟ ತಟ್ಟೆಯಿಂದ ಒಂದನ್ನು ನಾನೇ ಎತ್ತಿ ಹಾಕಿಕೊಂಡೆ. ಲಿಂಡ್‌ಕ್ವಿಸ್ಟ್ ಸಾಹೇಬರು ನೋಡಿದರು, ನೋಡಿ ಕಿಟಕಿಯ ಕಡೆ ತಿರುಗಿ ನಿಂತರು. ಒಳಗೆ ಕೊರೆದಿರುವ ಸಣ್ಣ ಅಡ್ಡಗೀಟು ಅಪ್ಪ ಕೊರೆಸಿದ ಪ್ರೀತಿಯ ಗುರುತಲ್ಲ, ಇದು ಕೆಟ್ಟ ಮಾಲು ಎಂಬ ಗುರುತು, ಅದನ್ನು ಕೊರೆದದ್ದೂ ನನ್ನ ಕೈಯೇ. ಉಂಗುರವನ್ನು ಸೋಪು ಹಚ್ಚಿ ತೆಗೆದು, ಹತ್ತಿಯಲ್ಲಿ ಸುತ್ತಿ ಇದರಲ್ಲೇ ಇಟ್ಟಿದ್ದೇನೆ. ಡಾನಾಗೆ ಎಲ್ಲ ಹೇಳಿ, ಆಮೇಲೂ ಬೇಕೇ ಎಂದು ಕೇಳು. ಭಾನುವಾರ ಆ ಜಾಗದಲ್ಲಿ ನಿಲ್ಲಿಸುವುದು ಬಿಡುವುದು ಇನ್ನು ನಿನಗೇ ಬಿಟ್ಟದ್ದು. ನಾನು ಮಿಸ್ ಎಂದದ್ದೂ ನಿಜ, ಪ್ರೊಫೆಸರಿಗೆ ಇಲ್ಲ ಎಂದದ್ದೂ ನಿಜ. ಸುಳ್ಳು ಹೇಳಿದ್ದು ರೈಲ್ವೆ ನಿಲ್ದಾಣದಲ್ಲಿ, ನಿನಗೆ. ಅದಕ್ಕೆ ಎಷ್ಟು ವಾರ ಪಾತ್ರೆ ತೊಳೆಯಬೇಕೋ ನೀನೇ ಹೇಳು, ತೊಳೆಯುತ್ತೇನೆ. ಆದರೆ ಆಟದಲ್ಲಿ ನಾನು ಮೋಸ ಮಾಡಿರಲಿಲ್ಲ ಮಗಳೇ. ಆ ಕೇಕನ್ನು ನೀನು ತಿನ್ನಬಹುದಿತ್ತು.